ಮೊಲದ ದನಿಯ ಪೀಪಿ

ನಾನೊಂದು ಪೀಪಿ. ಮಕ್ಕಳನ್ನು ನಗಿಸುವ ಬಣ್ಣದ ಪೀಪಿ ಅಂದುಕೊಳ್ಳಬೇಡಿ. ನನ್ನನ್ನು ಊದಿದರೆ ಮಲಗಿದ ಕೂಸು ಬೆಚ್ಚಿಬಿದ್ದು ಅಳುತ್ತಿತ್ತು.

ಬೆರಳುದ್ದದ ಎರಡು ಬಿದಿರು ಸೀಳು, ನಡುವೆ ಬಿಗಿದ ಈಚಲ ಗರಿಯ ಪಟ್ಟಿ, ಸುತ್ತ ಕುರಿಯುಣ್ಣೆಯ ದಾರ. ನನ್ನ ಮೈ ಎಂದರೆ ಇಷ್ಟೇ. ಗರಿಯೇ ನನ್ನ ನಾಲಿಗೆ. ಅದಕ್ಕೆ ಬರುತ್ತಿದ್ದುದು ಒಂದೇ ಮಾತು, ಅದೂ ನನ್ನದಲ್ಲ. ಮುಳ್ಳುಕಂಟಿಯಲ್ಲಿ ಸಿಕ್ಕಿಬಿದ್ದ ಮೊಲ ಪ್ರಾಣಭಯದಿಂದ ಕಿರುಚುತ್ತದಲ್ಲ, ಆ ಕೂಗು.

ನನ್ನನ್ನು ಮಾಡಿದವನು ಲಗಮಪ್ಪ, ನರಿ ಬೇಟೆಗಾರ. ಬೇಟೆಗೆ ಕಾನೂನಿನ ತಡೆ ಇಲ್ಲದಿದ್ದ ಕಾಲ ಅದು. ನನ್ನ ಕೂಗು ಕೇಳಿದ ನರಿ, ಸುಲಭದ ಮೊಲ ಸಿಕ್ಕಿತೆಂದು ಹುಡುಕಿಕೊಂಡು ಬರುತ್ತಿತ್ತು. ಲಗಮಪ್ಪ ಊದುವಾಗ ಅವನ ತಮ್ಮ ಬೆನ್ನಿಗೆ ಬೆನ್ನು ಕೊಟ್ಟು ಕೂತು ಹಿಂದೆ ಕಾಯುತ್ತಿದ್ದ. ಒಂದು ಮುಂಜಾನೆ ತಮ್ಮ ತೂಕಡಿಸಿದ. ಹಿಂದಿನಿಂದ ಬಂದ ನರಿ ಲಗಮಪ್ಪನ ರುಮಾಲಿಗೇ ಬಾಯಿ ಹಾಕಿ, ಕಚ್ಚಿಕೊಂಡು ಓಡಿಹೋಯಿತು.

“ರುಮಾಲ ಹೋದ್ರ ಹೋಗ್ಲಿ ಬಿಡೋ ಅಣ್ಣಾ, ತಲಿ ಐತಲ್ಲ!” ಎಂದು ತಮ್ಮ ನಕ್ಕ.

ಲಗಮಪ್ಪ ನಗಲಿಲ್ಲ. ಆಮೇಲೆ ಅವನು ನನ್ನನ್ನು ಬಾಯಿಗಿಡಲೇ ಇಲ್ಲ. ಆ ವಾರವೇ ನನ್ನನ್ನು ಕುರಿಗಾರ ಕೆಂಚಪ್ಪನಿಗೆ ಕೊಟ್ಟು ಒಂದು ಕಂಬಳಿ ಇಸಿದುಕೊಂಡ. ಕೊಡುವಾಗ ಹೇಳಿದ: “ಕೆಂಚಪ್ಪಾ, ಇದನ್ನ ಒಬ್ಬನ ಕುಂತು ಊದಬ್ಯಾಡ. ನರಿ ಮುಂದಿಂದ ಬರಂಗಿಲ್ಲ, ಹಿಂದಿಂದ ಬರ್ತೈತಿ. ಅದರ ಕಿವಿಗೆ ನೀನ ಮೊಲ.”

ಕೆಂಚಪ್ಪನ ಸೊಂಟದ ಚೀಲದಲ್ಲಿ ಎರಡು ಚಳಿಗಾಲ ನೆಮ್ಮದಿಯಾಗಿದ್ದೆ. ಮೂರನೆಯದರಲ್ಲಿ ಅವನು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ಜೊತೆಯ ಕುರಿಗಾರರು ದೊಡ್ಡ ಹಿಂಡನ್ನು ಹೊಡೆದುಕೊಂಡು ಹೊಳೆಯಾಚೆ ಹೋದರು. ಈಯುವ ಕುರಿಗಳು ಅಷ್ಟು ದೂರ ನಡೆಯಲಾರವು. ಅವುಗಳ ಜೊತೆ ಬಯಲಿನ ಹಟ್ಟಿಯಲ್ಲಿ ಉಳಿದವರು ಕೆಂಚಪ್ಪ, ಅವನ ಹೆಂಡತಿ ಬಾಳವ್ವ, ಜೋಲಿಯಲ್ಲಿ ಮಲಗುವ ಮೂರು ತಿಂಗಳ ಕೂಸು.

ಒಂದು ನರಿ ಇದನ್ನು ಹೇಗೋ ತಿಳಿದುಕೊಂಡಿತು. ದಿನಾ ಬೆಳಕು ಹರಿಯುವ ಹೊತ್ತಿಗೆ ಒಂದು ಕುರಿಮರಿ ಮಾಯ. ನಾಲ್ಕನೆಯ ದಿನ ಅದು ಮರಿಗಳ ಹತ್ತಿರವೂ ಸುಳಿದಿರಲಿಲ್ಲ. ಅದರ ಹೆಜ್ಜೆ ಮೂಡಿದ್ದು ಜೋಲಿ ಕಟ್ಟಿದ ಕಂಬದ ಬುಡದಲ್ಲಿ.

ಬಾಳವ್ವ ಆ ಹೆಜ್ಜೆಯ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದಳು. ಆಮೇಲೆ ಎದ್ದು ಬಂದು ಗಂಡನ ಚೀಲಕ್ಕೆ ಕೈಹಾಕಿ ನನ್ನನ್ನು ತೆಗೆದಳು.

“ಏ ಹುಚ್ಚಿ, ಒಬ್ಬಾಕೀನ ಹೊಕ್ಕಿಯೇನು? ಲಗಮಪ್ಪ ಏನ ಹೇಳ್ಯಾನ ಮರತಿ? ಹಿಂದ ನೋಡಾವ್ರು ಯಾರು?”

“ಹಂಗಾರ ನೀನ ಬಾ, ಕುಂಟಕೋಂತ. ನರಿ ನಕ್ಕ ನಕ್ಕ ಸಾಯ್ಲಿ.”

ಬಾಯಲ್ಲಿ ಹೀಗೆಂದಳು. ನಾನು ಅವಳ ಮುಷ್ಟಿಯೊಳಗಿದ್ದೆನಲ್ಲ, ನನಗೆ ಗೊತ್ತು, ಅಂಗೈ ಬೆವರಿ ನೀರಾಗಿತ್ತು.

ಮರುದಿನ ಇನ್ನೂ ಮಬ್ಬಿರುವಾಗ ಕೂಸಿಗೆ ಹಾಲೂಡಿ, ಗಂಡನ ಮಗ್ಗುಲಲ್ಲಿ ಮಲಗಿಸಿ, ಕೊಡಲಿ ಹಿಡಿದು ಹೊರಟಳು. ಹಳ್ಳದ ದಂಡೆಯ ಜಾಲಿ ಪೊದೆಯ ಮರೆಗೆ ಕೂತಳು. ಮುಂದೆ ಬಯಲು. ಸುತ್ತ ಒಣಹುಲ್ಲು. ಬೆನ್ನಿಗೆ ಗಾಳಿ ಬಿಟ್ಟರೆ ಏನೂ ಇಲ್ಲ.

ಊದಿದಳು. ನಾನು ಕಿರುಚಿದೆ. ಎಷ್ಟು ಸಲ ಕೂಗಿದ್ದೇನೋ ಆ ಕೂಗನ್ನು! ಆದರೆ ಅವತ್ತು ಅದು ಬರೀ ಮೊಲದ್ದಾಗಿರಲಿಲ್ಲ. ನನ್ನೊಳಗೆ ಹಾಯುವುದು ಊದುವವರ ಉಸಿರೇ ತಾನೆ? ಎರಡನೆಯ ಸಲವೂ ಊದಿದಳು. ಮೂರನೆಯ ಸಲಕ್ಕೆ ಅವಳ ಬಾಯಿ ಒಣಗಿಹೋಗಿತ್ತು. ಎಂಜಲಿನ ಪಸೆ ಇಲ್ಲದೆ ನನ್ನ ನಾಲಿಗೆ ಅಲುಗುವುದಿಲ್ಲ. ಊದಿದಳು, ದನಿ ಹೊರಡಲಿಲ್ಲ. ಇನ್ನೂ ಜೋರಾಗಿ ಊದಿದಳು. ಗರಿ ಚಿಟ್ಟೆಂದು ಸೀಳಿತು.

ಎಲ್ಲ ಮುಗಿಯಿತು ಅಂದುಕೊಂಡೆ. ಆ ಮೌನದಲ್ಲೇ ಅವಳ ಬೆನ್ನ ಹಿಂದೆ ಒಣಹುಲ್ಲು ಸರ್ ಎಂದಿತು. ನಾನು ಕೂಗುತ್ತಿದ್ದಿದ್ದರೆ ಅದು ಅವಳಿಗೆ ಕೇಳುತ್ತಿರಲಿಲ್ಲ.

ಬಾಳವ್ವ ತಿರುಗಿದಳು. ಕೈಚಾಚಿದರೆ ಸಿಗುವಷ್ಟು ಹತ್ತಿರ ನರಿಯ ಮುಖ. ಹಳದಿ ಕಣ್ಣು, ಒದ್ದೆ ಮೂಗು. ಮೊಲವೆಂದು ಬಂದದ್ದು ಹೆಂಗಸಿನ ಮುಖ ಕಂಡು ಕಾಲೆತ್ತಿದಂತೆಯೇ ನಿಂತುಬಿಟ್ಟಿತ್ತು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನಿನ್ನೂ ಅವಳ ಬಾಯಲ್ಲೇ ಇದ್ದೆ. ಅವಳು ಹಲ್ಲು ಕಚ್ಚಿದ್ದು ನನ್ನ ಮೈಮೇಲೆ, ಗುರುತು ಈಗಲೂ ಇದೆ. ಕೊಡಲಿ ಎದ್ದಿತು, ಬಿತ್ತು. ಎರಡನೆಯ ಏಟು ಬೇಕಾಗಲಿಲ್ಲ.

ಬಾಲ ಹಿಡಿದು ಎಳೆದುಕೊಂಡು ಹಟ್ಟಿಗೆ ಬಂದಳು. ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದವರ ಅದೃಷ್ಟ ಖುಲಾಯಿಸುತ್ತದೆ ಅನ್ನುತ್ತಾರಲ್ಲ, ಕೆಂಚಪ್ಪ ಅದನ್ನೇ ಎತ್ತಿಕೊಂಡ. ಕಣ್ಣೊರೆಸಿಕೊಳ್ಳುತ್ತ ನಕ್ಕ: “ಮುಂಜಾನೆದ್ದು ನರಿ ಮಾರಿ ನೋಡೀದಿ! ಇನ್ನ ನಿನಗೇನ ಕಮ್ಮಿ?”

ಬಾಳವ್ವ ಕೂಸನ್ನು ಎದೆಗವಚಿಕೊಂಡು ಕೂತಳು.

“ಅದೂ ನನ್ನ ಮಾರಿ ನೋಡ್ತಲ್ಲ,” ಎಂದಳು. “ಅದಕ್ಕೇನ ಸಿಕ್ತು?”

ಕಾಲು ಕೂಡಿದ ಮೇಲೆ ಕೆಂಚಪ್ಪ ಹೊಸ ಗರಿ ತಂದು ನನ್ನ ದಾರ ಬಿಚ್ಚಲು ಕೂತ. ಬಾಳವ್ವ ಕಸಿದುಕೊಂಡಳು. “ಬ್ಯಾಡ. ಅದು ಬಾಯಿ ಮುಚ್ಚಿದ್ದಕ್ಕ ನಾ ಉಳದೀನಿ. ಇನ್ನ ಬಾಯಿ ಬಿಡಸಬ್ಯಾಡ.”

ಈಗ ನಾನು ಅವಳ ಎಲೆಯಡಿಕೆ ಸಂಚಿಯಲ್ಲಿದ್ದೇನೆ. ಆ ಕೂಸಿಗೇ ಮಗಳು ಹುಟ್ಟಿ, ಓಡಾಡುವಷ್ಟು ದೊಡ್ಡವಳಾಗಿದ್ದಾಳೆ. ಕದ್ದು ನನ್ನನ್ನು ಊದಿ, “ಆಯೀ, ಇದು ಒದರೂದ ಇಲ್ಲ!” ಎಂದು ಅಜ್ಜಿಗೆ ದೂರುತ್ತಾಳೆ. ನನ್ನಿಂದ ಹೊರಡುವುದು ಬರೀ ಉಸಿರು. ಆ ಮೊಲದ ಕೂಗು ಇಲ್ಲದ ಮೇಲೆ ನನಗೂ ಒಂದಿಷ್ಟು ಹಗುರ.

ಬಾಳವ್ವ ಮಾತ್ರ ಇಂದಿಗೂ ಎಲ್ಲಿ ಕೂತರೂ ಗೋಡೆಗೆ ಒರಗಿಯೇ ಕೂರುವುದು. ಗೋಡೆಯಿಲ್ಲದ ಕಡೆ ಮೊಮ್ಮಗಳನ್ನು ಕರೆಯುತ್ತಾಳೆ: “ಬಾರವ್ವಾ, ನನ್ನ ಬೆನ್ನಿಗೆ ಕುಂದ್ರು ಬಾ.” ಹುಡುಗಿ ಆಟವೆಂದುಕೊಂಡು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಸಂಚಿಯೊಳಗಿಂದ ನಾನೂ ಹಿಂದಕ್ಕೇ ಕಿವಿಗೊಟ್ಟಿರುತ್ತೇನೆ.