ಗಿಣ್ಣದ ಬಟ್ಟಲು

"ಅತ್ತಿ, ಎಮ್ಮಿ ಬಕೀಟಿಗೆ ಏನ ಹಾಕಿದ್ರಿ?" ಉಮಾ ಅಡುಗೆಮನೆಯಿಂದ ಖಾಲಿ ಡಬ್ಬಿಯ ಮುಚ್ಚಳ ಹಿಡಿದು ಓಡಿಬಂದಳು.

"ಭೂಸಾ. ಕಟ್ಟಿ ಮ್ಯಾಲ ಡಬ್ಬ್ಯಾಗ ಇತ್ತಲ್ಲ, ಹಳದೀದು. ಎಮ್ಮಿ ಈದೈತಿ, ಅದಕ್ಕ ಶಕ್ತಿ ಬ್ಯಾಡೇನ?" ಎಂದಳು ಗಾಳೆವ್ವ.

"ಅಯ್ಯ, ಅದು ಗೋವಾದಿಂದ ತಂದದ್ರಿ. ಮನಷ್ಯಾರು ತಿನ್ನೂದು!"

ಎಮ್ಮೆ ಆಗಲೇ ಸಜ್ಜೆ ನುಚ್ಚಿನ ಜೊತೆ ಅದನ್ನೂ ನೆಕ್ಕಿ, ಬಕೆಟ್ಟಿನ ತಳ ಬೆಳಗಿಟ್ಟಿತ್ತು. ಗಾಳೆವ್ವ ತಪ್ಪಾಯಿತು ಅನ್ನುವ ಪೈಕಿ ಅಲ್ಲ. "ಮನಷ್ಯಾರು ತಿನ್ನೂದಾದ್ರ ಭೂಸಾದಂಗ ಯಾಕ ಐತಿ?" ಎಂದು ಸೊಸೆಗೇ ತಿರುಗಿಬಿದ್ದಳು.

ಉಮಾ ಗೋವಾದಲ್ಲಿ ಸಮುದ್ರದ ದಂಡೆಯ ಒಂದು ಹೋಟೆಲ್ಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಗಂಡ ಉಮೇಶ ಅಲ್ಲೇ ಮನೆ ಕಟ್ಟುವ ಗೌಂಡಿ. ಕಡಲೆ ಕೀಳುವ ಹೊತ್ತಿಗೆ ಇಬ್ಬರೂ ತಮ್ಮೂರು ಮುಶಿಗೇರಿಗೆ ಬಂದಿದ್ದರು. ಆ ಹೋಟೆಲ್ಲಿಗೆ ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟದ ಜನ ಬರುತ್ತಿದ್ದರು. ಅವರ ಅಡುಗೆಗೆ ರುಚಿ ಕೊಡಲು ಹಾಕುತ್ತಿದ್ದದ್ದು ಡಬ್ಬಿಯಲ್ಲಿದ್ದ ಈ ಹಳದಿ ಈಸ್ಟಿನ ಪುಡಿ. ಬ್ರೆಡ್ಡು ಉಬ್ಬಿಸುವ ಈಸ್ಟಿನ ಜಾತಿಯದೇ, ಆದರೆ ಒಣಗಿಸಿ ಜೀವ ತೆಗೆದದ್ದು, ಏನನ್ನೂ ಉಬ್ಬಿಸುವುದಿಲ್ಲ. ಉಮಾಗೆ ಅದರ ರುಚಿ ಹತ್ತಿತ್ತು. ಡಬ್ಬಿ ಖಾಲಿಯಾದರೂ ಚೀಲದಲ್ಲಿ ಇನ್ನೊಂದು ಪೊಟ್ಟಣ ಇತ್ತು, ಪುಣ್ಯಕ್ಕೆ.

ಎಮ್ಮೆ ಬೆಳಗಿನ ಜಾವ ಈದಿತ್ತು. ಹೆಣ್ಣು ಕರ. ಅದಕ್ಕೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಎಮ್ಮೆಗೆ ಎರಡು ಮೊಲೆ ಬತ್ತಿಹೋಗಿದ್ದವು, ಕರೆದದ್ದು ಒಂದು ಚರಿಗೆ ಗಿಣ್ಣದ ಹಾಲು, ಅಷ್ಟೇ. ಆ ಚರಿಗೆ ಹಿಡಿದುಕೊಂಡೇ ಗಾಳೆವ್ವ ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ಬಟ್ಟಲು ನೋಡಿದಳು. ಅದು ಎದುರುಮನೆ ಮಾನವ್ವನದು. ಹೋದ ವರ್ಷ ಅವರ ಎಮ್ಮೆ ಈದಾಗ ಅದರ ತುಂಬ ಗಿಣ್ಣ ಕಳಿಸಿದ್ದಳು. ಆ ಓಣಿಯಲ್ಲಿ ಗಿಣ್ಣದ ಬಟ್ಟಲು ಗಿಣ್ಣ ತುಂಬಿಯೇ ವಾಪಸಾಗಬೇಕು.

"ಅತ್ತಿ, ಈ ಸಲ ಗಿಣ್ಣ ಬ್ಯಾಡ್ರಿ. ಇರೂ ಹಾಲು ಕರಕ್ಕ ಕುಡಸೂಣು."

"ಗೋವಾದ ಮಂದಿ ಹಾಲ ಮುಟ್ಟಂಗಿಲ್ಲಂತ ನನಗ ಶಾಣ್ಯಾತನ ಹೇಳಬ್ಯಾಡ. ಓಣ್ಯಾಗ ನಾ ಮಾರಿ ತೋರಸಬೇಕು. ಗಾಳೆವ್ವ ಜಿಪುಣಿ ಅನ್ನಿಸ್ಕೊಳ್ಳಲೇನ?"

ಗಾಳೆವ್ವನ ಗಂಡ ನಿಂಗಪ್ಪ ಅಲ್ಲೇ ಕೊಟ್ಟಿಗೆಯಲ್ಲಿ ಗೋಣಿಚೀಲದಿಂದ ಕರದ ಮೈ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ. "ಹೋದ ಸಲ ಈದಾಗ ಓಣಿಗೆಲ್ಲ ಗಿಣ್ಣ ಹಂಚಿದಿ. ಕರ ನಾ ಹೊತ್ಕೊಂಡ ಹೋಗಿ ಹುಗದ ಬಂದೆ."

"ಅದು ದೃಷ್ಟಿ ತಾಗಿ ಸತ್ತದ್ದು."

"ಹೂಂ."

ಜಗಳ ಆಡಿದ್ದರೆ ಗಾಳೆವ್ವ ಗೆಲ್ಲುತ್ತಿದ್ದಳು. ಕರ ಮುಂಗಾಲು ಊರಿತು, ನಡುಗಿತು, ಗದ್ದ ನೆಲಕ್ಕೆ ಬಡಿದು ಬಿತ್ತು.

"ಸರೀರಿ ಆಕಡೆ. ಕರ ಹಿಡ್ಯಾಕೂ ಬರಂಗಿಲ್ಲ ನಿಮಗ." ಗಾಳೆವ್ವ ನೆಲಕ್ಕೆ ಕುಕ್ಕರಿಸಿದಳು. ಬೆರಳು ಹಾಲಿನಲ್ಲಿ ಅದ್ದಿ ಕರದ ಬಾಯಿಗಿಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ನಾಲಿಗೆ ಬೆರಳನ್ನು ಸುತ್ತಿಕೊಂಡಿತು. "ಕಡಿತೈತಿ ನೋಡ, ಹಲ್ಕಟ್ಟ," ಎಂದು ಬೈಯುತ್ತಲೇ ಚರಿಗೆ ಖಾಲಿ ಮಾಡಿದಳು. ಎದ್ದು ಸೊಸೆಯ ಮೇಲೆ ಕೂಗಾಡಿದಳು: "ಈಗ ಮಾನವ್ವಗ ಏನ ಕೊಡ್ಲಿ? ನಿನ್ನ ಭೂಸಾ ಕೊಡ್ಲೇನ?"

"ಕೊಡೂಣ್ರಿ," ಎಂದಳು ಉಮಾ.

ಒಗ್ಗರಣೆಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ, ನೀರು ಕುದಿಸಿ, ಕಡಲೆಹಿಟ್ಟು ಗಂಟಾಗದಂತೆ ತಿರುವಿದಳು. ಜುಣಕದ ವಡಿ ಎಲ್ಲರ ಮನೆಯದೇ. ಆದರೆ ಇಳಿಸುವ ಮುಂಚೆ ಆ ಹಳದಿ ಪುಡಿ ಎರಡು ಹಿಡಿ ಸುರಿದಾಗ ಎದ್ದ ವಾಸನೆ ಬೇರೆಯೇ ಇತ್ತು. ತಾಟಿಗೆ ಬಡಿದು, ಆರಿದ ಮೇಲೆ ಕೊಯ್ದಳು. ನೋಡಲು ಥೇಟ್ ಗಿಣ್ಣ.

ಗಾಳೆವ್ವ ಒಂದು ತುಂಡು ಬಾಯಿಗೆ ಹಾಕಿದಳು. "ತುಪ್ಪ ಹಾಕಿದಿಯೇನ?"

"ಮನ್ಯಾಗ ತುಪ್ಪ ಎಲ್ಲೈತ್ರಿ?"

ಇನ್ನೊಂದು ತುಂಡು ತಿಂದಳು. "ತುಪ್ಪ ಕಾಸಿದ ಬೋಗಾಣಿ ತಳದಾಗ ಗಸಿ ಇರತೈತಲ್ಲ, ಅದರಂಗ ಐತಿ. ಉಪ್ಪ ಕಡಿಮಿ ಆಗೇತಿ." ಉಪ್ಪು ಸರಿಯಾಗಿಯೇ ಇತ್ತು.

ಸಂಜೆ ಮಾನವ್ವ ತಾನೇ ಬಂದಳು. ತುಂಬಿದ ಬಟ್ಟಲು ಕೈಗೆ ಬಂದದ್ದೇ ಒಂದು ತುಂಡು ಬಾಯಿಗೆ ಎಸೆದುಕೊಂಡಳು. ಅವಳ ಕಣ್ಣು ಅರಳಿದವು.

"ಅಯ್ಯ ಶಿವನ! ಗಿಣ್ಣಕ್ಕ ಮೆಣಸಿನಕಾಯಿ ಹಾಕ್ಯಾರ!"

"ಗಿಣ್ಣಲ್ಲ ಅದು. ಗಿಣ್ಣದ ಹಾಲು ಕರ ಕುಡದೈತಿ." ಇಷ್ಟು ಹೇಳಿ ಗಾಳೆವ್ವ ಬೈಗುಳಕ್ಕೆ ಎದೆಗೊಟ್ಟು ನಿಂತಳು.

ಮಾನವ್ವ ಅಗಿಯುತ್ತಲೇ ಕೊಟ್ಟಿಗೆಯ ಕಡೆ ನೋಡಿದಳು. ಎರಡನೇ ತುಂಡು ತೆಗೆದುಕೊಂಡಳು. "ಚಲೋ ಐತ್ಯಲ್ಲ ಇದು! ಏನ ಹಾಕೀರಿ ಇದರಾಗ?"

"ನಮ್ಮ ಎಮ್ಮಿ ತಿನ್ನೂ ಭೂಸಾ."

ಉಮಾ ಬಾಯಿಗೆ ಸೆರಗು ತುರುಕಿಕೊಂಡಳು. ಮಾನವ್ವ ವಡಿಗಳನ್ನೆಲ್ಲ ತನ್ನ ಉಡಿಗೆ ಸುರಿದುಕೊಂಡು, ಖಾಲಿ ಬಟ್ಟಲನ್ನು ಗಾಳೆವ್ವನ ಕೈಗೇ ತುರುಕಿದಳು. "ಇದು ಇಲ್ಲೇ ಇರ್ಲಿ. ಗಿಣ್ಣ ಇನ್ನೂ ಬರಬೇಕು ನನಗ. ಆ ಕರ ದೊಡ್ಡದಾಗಿ ಈದಾಗ ಕೊಡು."

"ಅಲ್ಲೀತನಾ ನೀ ಇರಬೇಕಲ್ಲ!"

"ನಿನ್ನ ಗಿಣ್ಣ ತಿನ್ನದ ನಾ ಎಲ್ಲಿ ಹೋಗಲೇ?"

ಅವಳು ಹೋದ ಮೇಲೆ ಗಾಳೆವ್ವ ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಮಾಡದಲ್ಲಿ ಮೊದಲಿನ ಜಾಗದಲ್ಲೇ ಇಟ್ಟಳು. ಕೊಟ್ಟಿಗೆಯಲ್ಲಿ ನಿಂಗಪ್ಪ ವಡಿ ಅಗಿಯುತ್ತ ಗೋಣಿಚೀಲ ಹಿಡಿದು ನಿಂತಿದ್ದ. ಕರ ನಾಲ್ಕೂ ಕಾಲು ಅಗಲಿಸಿ ನಿಂತು, ತಾಯಿಯ ಕೆಚ್ಚಲಿಗೆ ತಲೆಯಿಂದ ಗುದ್ದುತ್ತಿತ್ತು. ಅದರ ಬಾಲ ಅಲ್ಲಾಡುತ್ತಿತ್ತು.