ಕೊನೆಯ ಎರಡು ಚೌಕ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಪರದೆಯಣ್ಣ ಎಂದೇ ಕರೆಯುತ್ತಿದ್ದರು. ಎಕ್ಸ್-ರೇ ನೋಡುವ ದೊಡ್ಡ ಮಾನಿಟರಿನಿಂದ ಹಿಡಿದು ಹೊರಗೆ ಟೋಕನ್ ಸಂಖ್ಯೆ ತೋರಿಸುವ ಹಲಗೆಯವರೆಗೆ, ಬೆಳಗುವ ಗಾಜು ಎಲ್ಲಿದ್ದರೂ ಅದರ ಯೋಗಕ್ಷೇಮ ಅವನದು. ವಾರವಿಡೀ ಕಡುನೀಲಿ ಅಂಗಿಯನ್ನೇ ತೊಡುತ್ತಿದ್ದ. ಬಿಳಿ ಅಂಗಿ ತೊಟ್ಟು ಮಾನಿಟರಿನ ಮುಂದೆ ನಿಂತರೆ ಅದರ ಬೆಳ್ಳಗಿನ ಬಿಂಬ ಗಾಜಿನ ಮೇಲೆ ಬಿದ್ದು, ಕಪ್ಪೆಲ್ಲ ಬೂದಿಯ ಬಣ್ಣಕ್ಕೆ ತಿರುಗುತ್ತದೆ ಎನ್ನುವುದು ಅವನ ತಕರಾರು.

“ಮದುವೆಗೂ ಇದೇ ಅಂಗೀನೇನೋ?” ಎಂದು ಟೈಪಿಸ್ಟ್ ಅಕ್ಕ ಒಮ್ಮೆ ಕೇಳಿದ್ದಳು.

“ಅವತ್ತೊಂದಿನ ಬಿಳಿ ಹಾಕಿದ್ದೆ ಅಕ್ಕ. ಅದಕ್ಕೇ ಏನೂ ಸರಿಯಾಗಿ ಕಾಣಲಿಲ್ಲ.”

ಅಕ್ಕ ಕೀಬೋರ್ಡಿನ ಮೇಲೆ ತಲೆಯಿಟ್ಟು ನಕ್ಕಿದ್ದಳು.

ಎಕ್ಸ್-ರೇ ಓದುವ ಕೋಣೆ ಮೊದಲ ಮಹಡಿಯ ಮೂಲೆಯಲ್ಲಿತ್ತು. ಕಿಟಕಿಗೆ ಎರಡು ಪದರದ ಕಪ್ಪು ಪರದೆ. ಒಂದು ಮೇಜಿಗೆ ಡಾಕ್ಟರು ಮತ್ತು ಅವರ ಮಾನಿಟರು, ಬದಿಯ ಮೇಜಿಗೆ ಅಕ್ಕ. ಡಾಕ್ಟರು ಚಿತ್ರ ನೋಡುತ್ತಾ ಅರ್ಧ ಮಾತು ನುಂಗಿಕೊಂಡು ವರದಿ ಹೇಳುವರು. ನುಂಗಿದ ಅರ್ಧವನ್ನೂ ಸೇರಿಸಿ ಅಕ್ಕ ಟೈಪ್ ಮಾಡುವಳು. ಇಪ್ಪತ್ತೆರಡು ವರ್ಷಗಳಿಂದ ಹೀಗೆಯೇ ನಡೆದಿತ್ತು.

ಪ್ರತಿ ಸೋಮವಾರ ಬೆಳಿಗ್ಗೆ, ಇವರಿಬ್ಬರೂ ಬರುವ ಮೊದಲು, ಪರದೆಯಣ್ಣ ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಐದು ನಿಮಿಷ ಸುಮ್ಮನೆ ಕೂರುತ್ತಿದ್ದ. ಕಣ್ಣು ಹೊಂದಿಕೊಂಡ ಮೇಲೆ ಮಾನಿಟರಿನಲ್ಲಿ ಪರೀಕ್ಷೆಯ ಚಿತ್ರ ತೆರೆಯುವನು. ಬಿಳಿಯಿಂದ ಕಪ್ಪಿನವರೆಗೆ ಹದಿನೆಂಟು ಚೌಕಗಳು ಸಾಲಾಗಿ ನಿಲ್ಲುತ್ತಿದ್ದವು. ಮೊದಲ ಹದಿನಾರನ್ನು ಯಾರು ಬೇಕಾದರೂ ಗುರುತಿಸಬಹುದು. ಕೊನೆಯ ಎರಡರಲ್ಲಿ ಒಂದು ಕಪ್ಪು, ಇನ್ನೊಂದು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಕಪ್ಪು. ಅವೆರಡರ ನಡುವಿನ ಗೆರೆ ಕಂಡರೆ ಮಾನಿಟರು ಸರಿಯಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು.

“ಚಿತ್ರ ತೋರಿಸೋದು ಬೆಳಕಲ್ಲ ಅಕ್ಕ, ಕಪ್ಪು,” ಎಂದು ಅವನು ವಿವರಿಸಿದ್ದ. “ಕಪ್ಪು ಗಟ್ಟಿಯಾಗಿದ್ರೆ ಬಿಳಿ ತಾನಾಗೇ ಎದ್ದು ಬರುತ್ತೆ. ಜನ ಟೀವಿ ತಗೊಂಡ ದಿನವೇ ಬೆಳಕು ಪೂರ್ತಿ ಏರಿಸಿ, ಆಮೇಲೆ ಚಿತ್ರ ಪೇಲವ ಅಂತ ನನ್ನ ಕರೀತಾರೆ.”

ಅಕ್ಕನ ಮನೆಗೂ ಹೋಗಿದ್ದ. ಅವಳ ತಂಗಿಗೆ ಹುಟ್ಟಿನಿಂದ ಕಿವಿ ಕೇಳದು. ಟೀವಿಯಲ್ಲಿ ಕೆಳಗೆ ಬರುವ ಅಕ್ಷರಗಳೇ ಅವಳಿಗೆ ಮಾತು. ತೆರೆಯ ಮೇಲೆ ಬಿಳಿ ಅಂಗಿಯವನು ಬಂದಾಗಲೆಲ್ಲ ಬಿಳಿ ಅಕ್ಷರ ಅವನ ಅಂಗಿಯೊಳಗೆ ಕರಗಿಹೋಗಿ ಅವಳು ಪೇಚಾಡುತ್ತಿದ್ದಳು. ಪರದೆಯಣ್ಣ ಅಕ್ಷರಗಳ ಹಿಂದೆ ಕಪ್ಪು ಪಟ್ಟಿ ಬರುವಂತೆ ಮಾಡಿಕೊಟ್ಟ. ತಂಗಿ ಅವನ ಎರಡೂ ಕೈ ಹಿಡಿದು ಜಗ್ಗಿದ್ದಳು. ಅಕ್ಕತಂಗಿಯರಿಬ್ಬರಿಗೂ ಬೇರೆ ಯಾರೂ ಇರಲಿಲ್ಲ.

ಎರಡು ವರ್ಷಗಳ ಹಿಂದೆ ಅಕ್ಕನ ಕಣ್ಣು ಮಂಜಾಗತೊಡಗಿತು. ಕತ್ತಲಲ್ಲಿ ಕೀಲಿಗಳು ಕಾಣದೆ ಎಡ ಇರುವಲ್ಲಿ ಬಲ ಎಂದು ಬಿತ್ತು; ಯಾರದೋ ಎಡಗೈ ಮುರಿದದ್ದು ವರದಿಯಲ್ಲಿ ಬಲಗೈ ಆಯಿತು. ಇನ್ನೊಂದು ಸಲ ಹೀಗಾದರೆ ಮನೆಗೆ ಕಳಿಸುತ್ತೇವೆ ಎಂದು ಕಚೇರಿಯವರು ಹೇಳಿದರು. ಮರುದಿನವೇ ಪರದೆಯಣ್ಣ ಒಂದು ಪುಟ್ಟ ದೀಪ ತಂದು ಅವಳ ಮೇಜಿಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ. ಬೆಳಕು ಕೀಲಿಗಳ ಮೇಲಷ್ಟೇ ಬೀಳಲಿ ಎಂದು ಸುತ್ತ ಕಪ್ಪು ಕಾಗದ ಅಂಟಿಸಿದ.

“ನನ್ನ ಮಾನಿಟರಿಗೆ ಇದರಿಂದ ಏನೂ ತೊಂದ್ರೆ ಇಲ್ಲ ತಾನೇ?” ಎಂದು ಡಾಕ್ಟರು ಕೇಳಿದರು.

“ಏನೂ ಆಗಲ್ಲ ಸಾರ್.”

ಆ ವಾರವೇ ದೀಪ ಹಾಕಿಟ್ಟು ಚೌಕಗಳನ್ನು ನೋಡಿದ್ದ. ಕಾಗದ ಎಷ್ಟು ಬಿಗಿಯಾಗಿ ಸುತ್ತಿದ್ದರೂ ಬೆಳಕು ಅಕ್ಕನ ಕೈಗಳಿಂದ, ಕಾಗದಗಳಿಂದ, ಗೋಡೆಯಿಂದ ತಿರುಗಿ ಬಂದು ಗಾಜನ್ನು ಸವರಿತ್ತು. ಕೊನೆಯ ಎರಡು ಚೌಕಗಳು ಒಂದಾಗಿದ್ದವು. ಹದಿನೆಂಟರಲ್ಲಿ ಒಂದು ಹೋದರೆ ಏನು ಮಹಾ ಎಂದುಕೊಂಡ. ಅಲ್ಲಿಂದ ಮುಂದೆ ಪ್ರತಿ ಸೋಮವಾರ, ಅಕ್ಕ ಬರುವ ಮೊದಲು, ದೀಪ ಆರಿದ್ದಾಗಲೇ ಪರೀಕ್ಷೆ ಮಾಡಿ ‘ಸರಿಯಿದೆ’ ಎಂದು ಬರೆದ. ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ಆ ಕೋಣೆಯಲ್ಲಿ ಕೆಲಸ ನಡೆಯುತ್ತಿದ್ದದ್ದು ದೀಪ ಉರಿಯುತ್ತಿದ್ದಾಗ.

ಕಳೆದ ವರ್ಷ ಸಿಬ್ಬಂದಿಗೆಲ್ಲ ಎದೆಯ ಎಕ್ಸ್-ರೇ ತೆಗೆದರು. ಅಕ್ಕನದನ್ನೂ ಡಾಕ್ಟರೇ ಓದಿದರು; ತನ್ನ ವರದಿಯನ್ನು ಅಕ್ಕ ತಾನೇ ಟೈಪ್ ಮಾಡಿದಳು. ‘ಎದೆ ನಿರ್ಮಲವಾಗಿದೆ.’

ಹತ್ತು ತಿಂಗಳಾದ ಮೇಲೆ ಕೆಮ್ಮು ಬಂತು. ಅಕ್ಕ ಸೊರಗಿದಳು. ಹೊಸ ಚಿತ್ರದಲ್ಲಿ ಕಂಡದ್ದನ್ನು ನೋಡಲು ಯಾವ ಚೌಕದ ಲೆಕ್ಕವೂ ಬೇಕಿರಲಿಲ್ಲ. ಗಡ್ಡೆ ಎಲ್ಲ ಕಡೆ ಹರಡಿದೆ, ಇನ್ನು ಕೆಲವು ತಿಂಗಳ ಮಾತು ಎಂದರು. ಅಕ್ಕ ರಜೆ ಹಾಕಿದಳು.

ಮೂರನೆಯ ದಿನ ಡಾಕ್ಟರು ಪರದೆಯಣ್ಣನನ್ನು ಕರೆಸಿದರು.

“ಮಾನಿಟರಿನ ಮೇಲೆ ಏನೋ ಕಲೆ ಇದೆ, ನೋಡು.”

ಅಕ್ಕನ ಹಳೆಯ ಚಿತ್ರ ತೆರೆದಿತ್ತು. ಮೇಲೆ ಬಲಗಡೆ, ಶ್ವಾಸಕೋಶದ ಕಪ್ಪಿನಲ್ಲಿ, ಬಟಾಣಿಯಷ್ಟು ಅಗಲದ ಮಸುಕು. ಪರದೆಯಣ್ಣ ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು ಒರೆಸಿದ. ಹೋಗಲಿಲ್ಲ. ಬಾಯಿಂದ ಹಬೆ ಊದಿ ಮತ್ತೆ ಒರೆಸಿದ. ಕೊನೆಗೆ, ಮೌಸ್ ಹಿಡಿದು ಚಿತ್ರವನ್ನು ಒಂದಿಷ್ಟು ಪಕ್ಕಕ್ಕೆ ಎಳೆದ. ಕಲೆಯೂ ಚಿತ್ರದ ಜೊತೆ ಪಕ್ಕಕ್ಕೆ ಹೋಯಿತು.

ಕಲೆ ಗಾಜಿನದಲ್ಲ.

ಪರದೆಯಣ್ಣ ಅಕ್ಕನ ಮೇಜಿಗೆ ಹೋಗಿ ದೀಪ ಹಾಕಿದ. ಕಲೆ ಕಾಣದಾಯಿತು. ಆರಿಸಿದ. ಬಂತು. ಡಾಕ್ಟರು ಎದ್ದು ತಮ್ಮ ಕುರ್ಚಿಯನ್ನೇ ಅವನ ಹಿಂದಕ್ಕೆ ನೂಕಿದರು. ಅವನು ಕುಸಿದು ಕುಳಿತ.

“ಕಾಂಟ್ರಾಸ್ಟ್ ಏರಿಸಿ ನೋಡಬಹುದಿತ್ತು ನಾನು,” ಎಂದರು ಡಾಕ್ಟರು. “ಅವತ್ತು ನಲವತ್ತು ಚಿತ್ರ ಇತ್ತು. ನಮ್ಮವಳೇ ಅಲ್ವಾ, ಗಟ್ಟಿಮುಟ್ಟಾಗಿದ್ದಾಳೆ ಅಂತ ಬೇಗ ದಾಟಿಸಿಬಿಟ್ಟೆ. ಅವಳಿಗೆ ನಾನೇ ಹೇಳ್ತೀನಿ.”

“ಬೇಡ ಸಾರ್. ದೀಪ ಹಾಕಿದೋನು ನಾನು. ನಾನು ಹೇಳ್ತೀನಿ.”

ಅಕ್ಕ ತನ್ನ ಸಾಮಾನು ಒಯ್ಯಲು ಬಂದದ್ದು ಶುಕ್ರವಾರ, ಡಾಕ್ಟರು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ. ಬೆನ್ನಿಗೆ ಇಡುತ್ತಿದ್ದ ದಿಂಬು, ಒಂದು ಶಾಲು, ತಣ್ಣನೆಯ ನೆಲಕ್ಕೆಂದು ಮೇಜಿನ ಕೆಳಗೆ ಇಟ್ಟುಕೊಂಡಿದ್ದ ಚಪ್ಪಲಿ.

“ಬಂದ್ಯಾ ನೀಲಿ ಅಂಗಿ,” ಎಂದಳು. ದನಿ ಕ್ಷೀಣವಾಗಿತ್ತು. “ಯಾಕೋ ಮುಖ ಹಾಗಿದೆ? ಕಾಯಿಲೆ ನನಗೆ ಬಂದಿರೋದು.”

“ಅಕ್ಕ, ನಿಮಗೆ ಒಂದು ತೋರಿಸ್ಬೇಕು.”

ಹಳೆಯ ಚಿತ್ರ ತೆರೆದ. ದೀಪ ಹಾಕಿದ, ಆರಿಸಿದ. ಸೋಮವಾರಗಳ ಸಂಗತಿ, ಚೌಕಗಳ ಸಂಗತಿ, ಡಾಕ್ಟರಿಗೆ ‘ಏನೂ ಆಗಲ್ಲ’ ಎಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಕ್ಕ ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದು ನೋಡಿದಳು.

“ಎಲ್ಲೋ?”

“ಇಲ್ಲಿ.” ಬೆರಳಿನಿಂದ ಸುತ್ತ ಗೆರೆ ಎಳೆದ. “ಈಗ ದೀಪ ಆರಿದೆ. ಕಾಣ್ತಿದೆಯಾ?”

“ನಿನ್ನ ಬೆರಳು ಕಾಣ್ತಿದೆ ಕಣೋ.”

ಅವನು ಮತ್ತೆ ಹಾಕಿದ, ಮತ್ತೆ ಆರಿಸಿದ. ಅವಳ ಕಣ್ಣಿಗೆ ಎರಡೂ ಒಂದೇ. ಬೂದು ಬೂದುಗಳ ನಡುವಿನ ಗೆರೆಗಳು ಅವಳಿಗೆ ಎಂದೋ ಅಳಿಸಿಹೋಗಿದ್ದವು. ಅದಕ್ಕೇ ಅಲ್ಲವೇ ದೀಪ ಬಂದದ್ದು. ಒರೆಸಿದರೆ ಕಂಡೀತೇನೋ ಎಂಬಂತೆ ಅವನು ಮತ್ತೆ ಬಟ್ಟೆ ತೆಗೆದ. ಅವಳು ಅವನ ಮಣಿಕಟ್ಟು ಹಿಡಿದಳು.

“ಸಾಕು ಬಿಡು. ಅವತ್ತೇ ಕಂಡಿದ್ರೆ?”

ಅವನು ಬಟ್ಟೆಯನ್ನು ಮುಷ್ಟಿಯಲ್ಲಿ ಮುದುಡಿದ. ಅಕ್ಕ ಕಾದಳು.

“ತೆಗೆದುಹಾಕಬಹುದಿತ್ತು ಅಂತಾರೆ ಡಾಕ್ಟ್ರು.”

ಅಕ್ಕ ಅವನ ಕೈ ಬಿಟ್ಟಳು. ತನ್ನ ಕುರ್ಚಿ ತಡವಿಕೊಂಡು ಕುಳಿತಳು. ಹೊರಗೆ ಟೋಕನ್ ಹಲಗೆ ಎರಡು ಸಲ ಕೂಗಿತು. ಅವಳು ಬೈಯಲಿ ಎಂದು ಅವನು ಕಾಯುತ್ತಿದ್ದ. ಕ್ಷಮಿಸಿದೆ ಎನ್ನುವಳೇನೋ ಎಂಬ ಆಸೆಯೂ ಒಂದು ಮೂಲೆಯಲ್ಲಿ ಇದ್ದಿರಬೇಕು. ಅವಳು ಎರಡನ್ನೂ ಮಾಡಲಿಲ್ಲ.

“ಇದನ್ನ ನನ್ನ ತಂಗಿಗೆ ಹೇಳಬೇಡ,” ಎಂದಳು. “ಅವಳಿಗೆ ಗೊತ್ತಾದ್ರೆ ನಿನ್ನ ಬಾಗಿಲೊಳಗೆ ಬಿಡಲ್ಲ. ಆಮೇಲೆ ಅವಳ ಮನೆಗೆ ಬರೋರು ಯಾರೂ ಇರಲ್ಲ.”

“ಇಲ್ಲಕ್ಕ.”

“ವಾರಕ್ಕೊಂದ್ಸಲ ಹೋಗಿ ನೋಡು. ಬೆಲ್ ಕೇಳಿಸಲ್ಲ ಅವಳಿಗೆ. ಕಿಟಕಿ ಹತ್ರ ನಿಂತು ಕೈ ಬೀಸು.” ಶಾಲು ಮಡಚಿ ಚೀಲಕ್ಕೆ ತುರುಕಿದಳು. “ಬಿಳಿ ಅಂಗಿ ಹಾಕ್ಕೊಂಡು ಹೋಗು. ದೂರದಿಂದ ಕಾಣುತ್ತೆ.”

ಅವನು ತಲೆಯಾಡಿಸಿದ. ಕತ್ತಲಲ್ಲಿ ಅದು ಅವಳಿಗೆ ಕಂಡಿರಲಾರದು.

“ಈಗ ದೀಪ ಹಾಕು. ಚಪ್ಪಲಿ ಎಲ್ಲಿದೆ ಅಂತ ಕಾಣ್ತಿಲ್ಲ.”

ದೀಪ ಹಾಕಿದ. ಮೇಜಿನ ಕೆಳಗೆ ನುಸುಳಿ ಚಪ್ಪಲಿ ಹುಡುಕಿ, ಮಂಡಿಯೂರಿ ಅವಳ ಕಾಲಿಗೆ ತೊಡಿಸತೊಡಗಿದ. ಹಿಮ್ಮಡಿಯ ಮೂಳೆ ಕೈಗೆ ಚುಚ್ಚಿತು.

“ಎಡದ್ದು ಬಲಕ್ಕೆ ಹಾಕ್ತಿದೀಯಲ್ಲೋ,” ಎಂದಳು ಅಕ್ಕ. “ನನ್ನ ಜಾಗಕ್ಕೆ ನಿನ್ನನ್ನೇ ತಗೋಬಹುದು.”

ಗೋಡೆ ಮುಟ್ಟಿಕೊಂಡು, ಚೀಲ ತಾನೇ ಹಿಡಿದು ಅವಳು ಹೋದಳು. ಕೊಡಿ ಎಂದರೂ ಕೊಡಲಿಲ್ಲ. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ನಿಲ್ಲುವವರೆಗೂ ಅವನು ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಅವಳ ಕುರ್ಚಿಯಲ್ಲಿ ಕುಳಿತ. ಮಾನಿಟರಿನಲ್ಲಿ ಆ ಎದೆಯ ಚಿತ್ರ ಹಾಗೆಯೇ ತೆರೆದಿತ್ತು, ಎಲ್ಲೂ ಒಂದು ಕಲೆಯಿರಲಿಲ್ಲ. ದೀಪ ಆರಿಸಲು ಅವನಿಗೆ ಕೈ ಬರಲಿಲ್ಲ.

ಊಟ ಮುಗಿಸಿ ಬಂದ ಡಾಕ್ಟರು ಒಂದು ಗಳಿಗೆ ಅವನನ್ನು ನೋಡಿದರು, ಮಾನಿಟರನ್ನು ನೋಡಿದರು. ಕೈ ಚಾಚಿ ತಾವೇ ದೀಪ ಆರಿಸಿದರು. ಸಂಜೆಯೊಳಗೆ ಓದಿ ಮುಗಿಸಬೇಕಾದ ಚಿತ್ರಗಳು ಇನ್ನೂ ಮೂವತ್ತಿದ್ದವು.