ತಾನಾಗಿ ಹಾಡುವ ಟ್ಯೂಬು

ತಮ್ಮ ರೇಡಿಯೋದ ಆಂಪ್ಲಿಫೈಯರ್ ಮಾಡಿದ ತಪ್ಪನ್ನು ಮೇಷ್ಟ್ರು ದರ್ಜಿಯ ತಲೆಗೆ ಕಟ್ಟಿದ್ದರು. ನೆರೆ ಬಂದ ಸಂಜೆ ಛಾವಣಿ ಹತ್ತಿ ಕೂತವರಿಗಾಗಿ ದೋಣಿ ಕೇಳುತ್ತಿದ್ದ ರೇಡಿಯೋ ಕರೆ ಗೊರಗೊರ ಸದ್ದಿನಲ್ಲಿ ಮುಳುಗಿಹೋಗಿ, ದೋಣಿ ಎರಡು ಗಂಟೆ ತಡವಾಗಿತ್ತು. ಆ ಸದ್ದು ಯಾರ ಮನೆಯದೆಂದು ರೇಡಿಯೋ ಕ್ಲಬ್ಬು ಕೇಳಿದಾಗ, ದರ್ಜಿ ಗುಜರಿ ಸಾಮಾನಿನಿಂದ ಕಟ್ಟಿದ ರೇಡಿಯೋ ಪೆಟ್ಟಿಗೆಯದು ಎಂದು ಕ್ಲಬ್ಬಿನ ಪರೀಕ್ಷಕರಾದ ಮೇಷ್ಟ್ರು ವರದಿ ಬರೆದು, ಭಾನುವಾರದ ರೇಡಿಯೋ ಮಾತುಕತೆಯಲ್ಲಿ ಓದಿ ಹೇಳಿದರು. ಪೆಟ್ಟಿಗೆಯನ್ನು ಅವರು ಕಣ್ಣಿಂದಲೂ ನೋಡಿರಲಿಲ್ಲ.

ಈಗ ಅದು ಕ್ಲಬ್ಬಿನ ಮೇಜಿನ ಮೇಲಿತ್ತು. ದರ್ಜಿ ಕೋಟಿನ ಅಸ್ತರಿನ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ತಂದಿದ್ದ. ಇವತ್ತಿನ ಪರೀಕ್ಷೆಯಲ್ಲಿ ಸೋತರೆ ರೇಡಿಯೋ ನಡೆಸುವ ಲೈಸೆನ್ಸು ಹೋದಂತೆಯೇ.

"ಬಟ್ಟೆ ಹೊಲಿಯೋ ಕೈಗೆ ಟ್ಯೂಬಿನ ಸಹವಾಸ ಯಾಕಪ್ಪಾ?" ಅಧ್ಯಕ್ಷರು ನಕ್ಕರು.

"ಹೊಲಿಗೆ ಸೊಟ್ಟಗಾದ್ರೆ ಗಿರಾಕಿ ಮುಖಕ್ಕೇ ಎಸೀತಾನೆ ಸಾರ್. ನೇರ ಅಂದ್ರೇನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ."

ಮೇಷ್ಟ್ರು ಪೆಟ್ಟಿಗೆ ಚಾಲು ಮಾಡಿ, ಮೈಕು ಬಂದ್ ಮಾಡಿ, ಕಡ್ಡಿಯ ತುದಿಗೆ ಕಟ್ಟಿದ ಪುಟ್ಟ ನಿಯಾನ್ ದೀಪವನ್ನು ಅದರೊಳಗಿನ ದನಿ ಹಿಗ್ಗಿಸುವ ಗಾಜಿನ ಟ್ಯೂಬಿನ ಬಳಿ ಹಿಡಿದರು. ಮಾತೇ ಇಲ್ಲದಾಗ ದೀಪ ಹೊತ್ತಿದರೆ ಟ್ಯೂಬು ತಾನಾಗಿ ಹಾಡುತ್ತಿದೆ, ಊರವರ ಮಾತನ್ನೆಲ್ಲ ಕೆಡಿಸುತ್ತದೆ ಎಂದರ್ಥ. ಗುಂಡಿಗಳನ್ನು ತಿರುಗಿಸಿದರು. ಇನ್ನೂ ಹತ್ತಿರ ಒಯ್ದರು. ದೀಪ ಹೊತ್ತಲಿಲ್ಲ.

ನೆರೆ ಇಳಿದ ಮೇಲೆ ಇದೇ ಕಡ್ಡಿಯನ್ನು ತಮ್ಮ ಆಂಪ್ಲಿಫೈಯರಿಗೂ ಹಿಡಿದಿದ್ದರು. ದನಿ ಇನ್ನಷ್ಟು ದೂರ ಹೋಗಲೆಂಬ ಆಸೆಗೆ, ಟ್ಯೂಬು ತಾನಾಗಿ ಹಾಡದಂತೆ ತಡೆಯುವ ಗ್ರಿಡ್ಡಿನ ರೆಸಿಸ್ಟರನ್ನು ನೆರೆಗೆ ಮುಂಚೆ ಕಿತ್ತವರು ಅವರೇ. ಅವತ್ತು ಮೀಟರಿನ ಮುಳ್ಳು ಜಿಗಿದಾಗ ಹೆಂಡತಿಯನ್ನು ಕರೆದು ತೋರಿಸಿ ಬೀಗಿದ್ದರು. ಕಡ್ಡಿ ಹಿಡಿದಾಗ ಮಾತಿಲ್ಲದೆಯೂ ದೀಪ ನೇರಳೆಯಾಗಿ ಉರಿದಿತ್ತು. ರೆಸಿಸ್ಟರನ್ನು ಮತ್ತೆ ಬೆಸೆದು, ಕೈ ತೊಳೆದುಕೊಂಡು ಬಂದು, ವರದಿ ಬರೆಯಲು ಕೂತಿದ್ದರು.

"ಹೊತ್ತದಿದ್ರೆ ಏನಂತೆ? ಹಳೇ ವರದಿ ಕೆಳಗೆ ಇನ್ನೊಂದು ಸಹಿ ಎಳೀರಿ ಮೇಷ್ಟ್ರೇ," ಎಂದರು ಅಧ್ಯಕ್ಷರು.

ಮೇಷ್ಟ್ರು ಕಡ್ಡಿಯನ್ನು ಮೇಜಿನ ಮೇಲಿಟ್ಟರು. "ಅವತ್ತಿನ ಸದ್ದು ನಂದು. ಗೊತ್ತಿದ್ದೇ ಬರೆದೆ."

ಅಧ್ಯಕ್ಷರು ಎದ್ದು ಬಾಗಿಲು ಹಾಕಿದರು. ದರ್ಜಿಯ ಹೆಗಲ ಮೇಲೆ ಮೊದಲ ಸಲ ಕೈಯಿಟ್ಟರು. "ಮಾತು ಇಲ್ಲೇ ಮುಗೀಲಿ. ನಿನ್ನ ಲೈಸೆನ್ಸು ಎಲ್ಲಿಗೂ ಹೋಗಲ್ಲ. ಪೆಟ್ಟಿಗೆ ಎತ್ಕೊಂಡು ಹೊರಡು."

"ಹೋಗಿರಪ್ಪಾ," ಮೇಷ್ಟ್ರೂ ಅಂದರು. "ಸಂಜೆ ನಿನ್ನ ಮನೆಗೇ ಬಂದು ಕೈ ಮುಗೀತೀನಿ."

"ಮನೆಗೆ ಬಂದು?" ದರ್ಜಿಯ ದನಿ ಏರಲಿಲ್ಲ. "ಸ್ಕೂಲಲ್ಲಿ ನನ್ನ ಮಗಳನ್ನ 'ದೋಣಿ ತಡೆದೋನ ಮಗಳು' ಅಂತಾರೆ ಮೇಷ್ಟ್ರೇ. ನನ್ನ ಹೆಸರು ನೀವು ಕೆಡಿಸಿದ್ದು ರೇಡಿಯೋದಲ್ಲಿ, ಎಲ್ಲರ ಕಿವಿಗೆ ಬೀಳೋ ಹಾಗೆ."

"ಹೊರಡು ಅಂದ್ನಲ್ಲ!" ಅಧ್ಯಕ್ಷರು ಗದರಿದರು.

"ಹೋಗಲ್ಲ ಸಾರ್."

ಅವನು ಸ್ಟೂಲು ಎಳೆದುಕೊಂಡು ಕೂತ. ಭಾನುವಾರದ ಮಾತುಕತೆಗೆ ಸದಸ್ಯರೆಲ್ಲ ಅವರವರ ಮನೆಯಲ್ಲಿ ಕಿವಿಗೊಡಲು ಇನ್ನು ಐದು ನಿಮಿಷವಿತ್ತು. ಕ್ಲಬ್ಬಿನ ಮೈಕನ್ನು ಮೇಷ್ಟ್ರ ಕಡೆ ಸರಿಸಿ, ಅಸ್ತರಿನ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದ.